ಸೂಜಿ ಮುಟ್ಟದೆ ಕೂಸಿಗೊಂದು ಮೆಕ್ಕೆಜೋಳದ ವೇಷ

ಅಕ್ಟೋಬರ್ ಮುಗಿಯುವ ಹೊತ್ತಿಗೆ ದಾವಣಗೆರೆಯಲ್ಲಿ ಯಾವ ಟೈಲರ್ ಹತ್ತಿರ ಹೋದರೂ ಒಂದೇ ಉತ್ತರ. "ದೀಪಾವಳಿ ಆದ್ಮೇಲೆ ಬನ್ನಿ ಮೇಡಂ." ಒಂದು ಗೇಣು ಉದ್ದದ ಕೂಸಿನ ಬಟ್ಟೆ ಅಂದರೂ ಅಷ್ಟೇ. ಆದರೆ ಪ್ಲೇ ಸ್ಕೂಲಿನವರು, ಅಪಾರ್ಟ್‌ಮೆಂಟಿನವರು ಈಗ ಅಕ್ಟೋಬರ್ 31ಕ್ಕೆ ಹ್ಯಾಲೋವೀನ್ ಅಂತ ವೇಷದ ಕಾರ್ಯಕ್ರಮ ಇಡುತ್ತಾರೆ. ವಾಟ್ಸಾಪ್‌ನಲ್ಲಿ ಸಂದೇಶ ಬರುವುದು ನಾಲ್ಕು ದಿನ ಮುಂಚೆ. ನನ್ನಂತೆ ಗುಂಡಿ ಹಾಕುವುದಕ್ಕೂ ಅತ್ತೆಯವರನ್ನು ಕರೆಯುವವರು ಏನು ಮಾಡಬೇಕು?

ಹೊಲಿಗೆ ಬೇಡ. ಅಂಟು, ಕತ್ತರಿ, ಒಂದು ಆಲೂಗಡ್ಡೆ, ಯಜಮಾನರ ಹಳೇ ಟೀ ಶರ್ಟ್ ಸಾಕು. ಒಟ್ಟು ಕೆಲಸ ಮೂರು ಗಂಟೆಯದ್ದು. ಆದರೆ ನಡುವೆ ಬಣ್ಣ, ಅಂಟು ಒಣಗಬೇಕಾದ್ದರಿಂದ ಸಂದೇಶ ಬಂದ ದಿನವೇ ಶುರು ಮಾಡಿ.

ಮೂರು ವರ್ಷದ ಹಿಂದೆ ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ದೊಡ್ಡ ಮಗನಿಗೆ ಆಗ ಹತ್ತು ತಿಂಗಳು. ಹ್ಯಾಲೋವೀನ್ ಅಂದರೆ ಕುಂಬಳಕಾಯಿ ಅಂತ ಕಿತ್ತಳೆ ಬಣ್ಣದ ಹೊಳೆಯುವ ಬಟ್ಟೆ ತಂದು, ಒಳಗೆ ಹಳೇ ಪೇಪರ್ ಉಂಡೆ ತುಂಬಿ, ಕುತ್ತಿಗೆಗೆ ಎಲಾಸ್ಟಿಕ್ ಹಾಕಿದೆ. ನೋಡುವುದಕ್ಕೆ ಭಾರಿ ಚೆನ್ನಾಗಿತ್ತು. ಅವನಿಗೆ ಮಾತ್ರ ಕಾಲು ಮಡಚಲು ಆಗಲಿಲ್ಲ. ಕೂರಿಸಿದರೆ ಹಿಂದಕ್ಕೆ ಉರುಳುತ್ತಿದ್ದ. ಜೊಲ್ಲು ಬಿದ್ದಲ್ಲೆಲ್ಲ ಬಣ್ಣ ಬಿಟ್ಟು ಗಲ್ಲ ಕಿತ್ತಳೆ ಆಯಿತು. ಡೈಪರ್ ಬದಲಿಸಲು ಇಡೀ ಕುಂಬಳಕಾಯಿಯನ್ನೇ ಕಳಚಬೇಕಾಯಿತು. ಫೋಟೋದಲ್ಲಿ ಇರುವುದು ಅಳುವ ಕುಂಬಳಕಾಯಿ ಮಾತ್ರ.

ಅವತ್ತಿನಿಂದ ನನ್ನದು ಒಂದೇ ಲೆಕ್ಕ. ಕೂಸು ದಿನಾ ಹಾಕುವ ಬಟ್ಟೆಯೇ ವೇಷದ ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಒಂದು ಸಲ ಎಳೆದರೆ ಕೈಗೆ ಬರಬೇಕು. ಕೆಳಗೆ ಬರುವುದೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ಮೆಕ್ಕೆಜೋಳ ಯಾಕೆ

ಈ ಸಲ ಮಗಳ ಸರದಿ. ಒಂಬತ್ತು ತಿಂಗಳು, ಅಂಬೆಗಾಲು ಶುರುವಾಗಿದೆ. ಹ್ಯಾಲೋವೀನ್ ಅಂದ ಕೂಡಲೇ ಅತ್ತೆಯವರು ಮುಖ ಗಂಟು ಹಾಕಿದರು. "ಕೂಸಿಗೆ ದೆವ್ವದ ವೇಷ ಯಾಕವ್ವಾ? ಸುಮ್ನೆ ಒಂದು ಕೃಷ್ಣನ ವೇಷ ಹಾಕು." ಅವರ ಮಾತಿನಲ್ಲಿ ತಪ್ಪೇನಿಲ್ಲ. ಐರ್ಲೆಂಡ್ ಕಡೆಯ ಹಳೇ ಸುಗ್ಗಿ ಮುಗಿಯುವ ಹಬ್ಬದಿಂದ ಬಂದ ಆಚರಣೆ ಇದು. ಚಳಿಗಾಲ ಶುರುವಾಗುವ ಆ ರಾತ್ರಿ ಸತ್ತವರು ತಿರುಗಾಡುತ್ತಾರೆ ಅಂತ ಅಲ್ಲಿನವರು ನಂಬಿದ್ದರು. ಅಲ್ಲಿ ಮೊದಲು ಮುಖ ಕೆತ್ತುತ್ತಿದ್ದದ್ದು ಟರ್ನಿಪ್ ಗಡ್ಡೆಯಲ್ಲಿ. ಅಮೆರಿಕಕ್ಕೆ ಹೋದ ಮೇಲೆ ಕುಂಬಳಕಾಯಿ ಸಿಕ್ಕಿತು. ನಮ್ಮಲ್ಲೂ ಆಯುಧ ಪೂಜೆ ದಿನ ಬೂದುಗುಂಬಳ ಒಡೆಯುತ್ತೇವೆ, ಕಟ್ಟುತ್ತಿರುವ ಮನೆಗೆ ನಾಲಿಗೆ ಚಾಚಿದ ದೃಷ್ಟಿಬೊಂಬೆ ತೂಗುಹಾಕುತ್ತೇವೆ. ಇದನ್ನು ಅತ್ತೆಗೆ ಹೇಳಿದೆ. ಅವರು ಒಪ್ಪಲಿಲ್ಲ.

ಆದರೆ ಸುಗ್ಗಿ ಅನ್ನುವ ಮಾತು ಕೆಲಸಕ್ಕೆ ಬಂತು. ನಮ್ಮಲ್ಲೂ ಅದು ಮೆಕ್ಕೆಜೋಳ ಮುರಿಯುವ ಕಾಲವೇ. ಎಪಿಎಂಸಿ ಕಡೆ ಹೋದರೆ ಹಳದಿ ರಾಶಿ, ಹಳ್ಳಿ ಕಡೆ ಹೋದರೆ ರಸ್ತೆಯ ಅರ್ಧ ಭಾಗದಲ್ಲೂ ಕಾಳು ಒಣಹಾಕಿರುತ್ತಾರೆ. ಅತ್ತೆಯವರ ತವರು ಜಗಳೂರು ಕಡೆ. ಮೆಕ್ಕೆಜೋಳದ ತೆನೆ ಅಂದ ಕೂಡಲೇ ಮುಖ ಅರಳಿತು.

ಇನ್ನೊಂದು ಕಾರಣವೂ ಇದೆ. ಮೈಸೂರು ಕಡೆ ಇದನ್ನೇ ಮುಸುಕಿನ ಜೋಳ ಅನ್ನುತ್ತಾರೆ ಅಲ್ವಾ? ಹೆಸರಿನಲ್ಲೇ ಮುಸುಕು ಇದೆ. ಹಳದಿ ಮೈ, ಅದಕ್ಕೊಂದು ಹಸಿರು ಮುಸುಕು, ತಲೆಯ ಮೇಲೆ ಜುಟ್ಟು. ವೇಷ ಕಟ್ಟುವುದಕ್ಕೆ ಇಷ್ಟು ಸಲೀಸಾದ ಬೆಳೆ ಬೇರೆ ಇಲ್ಲ.

ತರಬೇಕಾದ ಸಾಮಾನು

ಹಳದಿ ಬಣ್ಣದ ಉದ್ದ ತೋಳಿನ ಹತ್ತಿ ರಾಂಪರ್ (ಮೇಲಿಂದ ಕೆಳಗಿನವರೆಗೆ ಒಂದೇ ತುಂಡಾಗಿರುವ ಕೂಸಿನ ಬಟ್ಟೆ) ಒಂದು. ಕೆಳಗೆ ಟಿಚ್ ಬಟನ್ ಇರುವಂಥದ್ದೇ ಇರಲಿ, ಡೈಪರ್ ಬದಲಿಸುವಾಗ ನನಗೆ ಕೈ ಮುಗಿಯುತ್ತೀರಿ. ಈಗಿನ ಅಳತೆಗಿಂತ ಒಂದು ಸೈಜ್ ದೊಡ್ಡದು ತಂದರೆ ಆಮೇಲೂ ಹಾಕಬಹುದು. ಹಸಿರು ಫೆಲ್ಟ್ ಬಟ್ಟೆ ಅರ್ಧ ಮೀಟರ್. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಸಣ್ಣ ಹಾಳೆಗಳನ್ನು ತರಬೇಡಿ. ಸೊಂಟಪಟ್ಟಿಗೆ ಉದ್ದ ಸಾಲುವುದಿಲ್ಲ. ನಾನು ಚೌಕಿಪೇಟೆಯಲ್ಲಿ ಎರಡು ಅಂಗಡಿ ಸುತ್ತಿ ಮೀಟರ್ ಲೆಕ್ಕದಲ್ಲಿ ತಂದೆ.

ಬಟ್ಟೆಗೆ ಹಾಕುವ ಅಂಟು ಒಂದು ಸಣ್ಣ ಟ್ಯೂಬ್. ಬಟ್ಟೆ ಬಣ್ಣ ಒಂದು ಬಾಟಲಿ, ರಾಂಪರ್‌ಗಿಂತ ಸ್ವಲ್ಪ ಗಾಢ ಹಳದಿ. ಒಂದು ಇಂಚು ಅಗಲದ, ಹಿಂದೆ ಅಂಟು ಇರುವ ವೆಲ್ಕ್ರೋ ಒಂದು ಗೇಣು. ಮನೆಯಲ್ಲೇ ಇರುವುದು: ಆಲೂಗಡ್ಡೆ, ರಟ್ಟು, ಬಟ್ಟೆ ಒಣಹಾಕುವ ಕ್ಲಿಪ್, ಟೇಪು, ಮತ್ತೆ ದೊಡ್ಡವರ ಹಳೇ ಅರ್ಧ ತೋಳಿನ ಟೀ ಶರ್ಟ್, ಕಂದು ಅಥವಾ ಹಳದಿ ಬಣ್ಣದ್ದು. ಕೇಳಿಯೇ ಕತ್ತರಿಸಿ. ನಾನು ಕೇಳದೆ ಕತ್ತರಿಸಿದ್ದಕ್ಕೆ ಒಂದು ವಾರ ಮಾತು ಕೇಳಬೇಕಾಯಿತು. ರಾಂಪರ್ ಬಿಟ್ಟು ಉಳಿದದ್ದೆಲ್ಲ ಸೇರಿ ನನಗೆ ₹300 ಒಳಗೇ ಆಯಿತು.

ಫೆಲ್ಟ್ ಯಾಕೆ ಬೇಕು, ಮನೆಯಲ್ಲಿರುವ ಹಸಿರು ಬ್ಲೌಸ್ ಪೀಸ್ ಆಗುವುದಿಲ್ಲವೇ? ಆಗುವುದಿಲ್ಲ. ಮಗ್ಗದ ಬಟ್ಟೆಯಲ್ಲಿ ಹಾಸು, ಹೊಕ್ಕು ಅಂತ ಎರಡು ನೂಲು. ಕತ್ತರಿಸಿದ ಕಡೆ ಅವು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ, ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತವೆ. ಅದಕ್ಕೇ ಅಂಚು ಮಡಚಿ ಹೊಲಿಯುವುದು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ನಮ್ಮದು. ಹತ್ತಿ ಗಿರಣಿಯಲ್ಲಿ ದುಡಿದ ಅಜ್ಜಂದಿರು ಇರುವ ಮನೆಯಲ್ಲಿ ಇದನ್ನು ಹೇಳಿಕೊಡಬೇಕಿಲ್ಲ. ಫೆಲ್ಟ್‌ನಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಎಳೆಗಳನ್ನು ಒತ್ತಿ ಒತ್ತಿ ಕೂಡಿಸಿದ ಹಾಳೆ ಅದು. ಹೇಗೆ ಕತ್ತರಿಸಿದರೂ ಅಂಚು ಹಾಗೇ ನಿಲ್ಲುತ್ತದೆ. ಟೀ ಶರ್ಟ್‌ನ ಬನಿಯನ್ ಬಟ್ಟೆಯದು ಇನ್ನೊಂದು ಥರ. ಅದು ಹೆಣೆದ ಬಟ್ಟೆ. ಕತ್ತರಿಸಿದರೆ ಎಳೆ ಬಿಡುವ ಬದಲು ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಆ ಸುರುಳಿಯೇ ನಮಗೆ ಮುಂದೆ ಬೇಕು.

ಮೊದಲು ಕಾಳು

ರಾಂಪರ್ ಒಗೆದು ಒಣಗಿಸಿ. ಹೊಸ ಬಟ್ಟೆಯ ಗಂಜಿ ಹೋಗದಿದ್ದರೆ ಬಣ್ಣ ಹಿಡಿಯುವುದಿಲ್ಲ. ಒಳಗೆ ರಟ್ಟು ತೂರಿಸಿ, ಇಲ್ಲದಿದ್ದರೆ ಎದೆಯ ಬಣ್ಣ ಬೆನ್ನಿಗೆ ಇಳಿಯುತ್ತದೆ.

ಆಲೂಗಡ್ಡೆಯನ್ನು ಹೆಬ್ಬೆರಳು ದಪ್ಪದ ಕಡ್ಡಿಯಾಗಿ ಕತ್ತರಿಸಿ. ತುದಿ ಸುಮಾರು 2 ಸೆಂ.ಮೀ. ಅಗಲ, ಒಂದೂವರೆ ಸೆಂ.ಮೀ. ಎತ್ತರದ ಆಯತ. ನಾಲ್ಕೂ ಮೂಲೆ ಸ್ವಲ್ಪ ಕೆತ್ತಿ ದುಂಡು ಮಾಡಿ. ಕಾಳಿನ ಅಚ್ಚು ರೆಡಿ. ತುದಿಯನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಆಲೂಗಡ್ಡೆ ನೀರು ಬಿಟ್ಟರೆ ಬಣ್ಣ ಹರಡುತ್ತದೆ. ತಟ್ಟೆಯಲ್ಲಿ ಬಣ್ಣ ತೆಳ್ಳಗೆ ಸವರಿ, ಅದ್ದಿ, ಮೊದಲು ಹಳೇ ಪೇಪರ್ ಮೇಲೆ ಎರಡು ಸಲ ಒತ್ತಿ ನೋಡಿ. ಆಮೇಲೆ ಬಟ್ಟೆ.

ನಾನು ಎದೆಯ ಮೇಲೆ ಏಳು ಸಾಲು ಒತ್ತಲು ಹೊರಟಿದ್ದೆ. ಅತ್ತೆ ಬಂದು ನಿಂತು ನೋಡಿದರು. "ಏಳು ಸಾಲಿನ ತೆನೆ ಯಾವ ಹೊಲದಾಗ ನೋಡಿದ್ದೀಯವ್ವಾ?" ನಾನು ನಂಬಲಿಲ್ಲ. ಅಡುಗೆ ಮನೆಯಿಂದ ಒಂದು ತೆನೆ ತಂದು ಸಿಪ್ಪೆ ಸುಲಿದು ಎಣಿಸಿದರು. ಹದಿನಾಲ್ಕು. ಇನ್ನೊಂದರಲ್ಲಿ ಹದಿನಾರು. ತೆನೆಯಲ್ಲಿ ಕಾಳಿನ ಸಾಲು ಹೆಚ್ಚುಕಡಿಮೆ ಯಾವಾಗಲೂ ಸರಿಸಂಖ್ಯೆಯೇ. ಹೂವು ಕಟ್ಟುವಾಗಲೇ ಜೋಡಿ ಜೋಡಿಯಾಗಿ ಕಟ್ಟುತ್ತದೆ, ಅದಕ್ಕೆ. ನಾನು ಎಂಟು ಸಾಲು ಒತ್ತಿದೆ. ಮಿಕ್ಕ ಎಂಟು ಬೆನ್ನಿಗಿದೆ ಅಂದುಕೊಳ್ಳಿ, ಹದಿನಾರಾಯಿತು. ಬೆನ್ನಿಗೆ ಒತ್ತುವ ಗೋಜಿಗೆ ಹೋಗಬೇಡಿ, ಯಾರೂ ನೋಡುವುದಿಲ್ಲ.

ಸಾಲು ಮೇಲಿನಿಂದ ಕೆಳಗೆ ಬರಲಿ. ಕಾಳಿನ ನಡುವೆ ಒಂದು ಎಳೆಯಷ್ಟು ಜಾಗ ಬಿಡಿ. ಅಲ್ಲೊಂದು ಇಲ್ಲೊಂದು ಸೊಟ್ಟ ಆದರೆ ಆಗಲಿ, ನಿಜವಾದ ತೆನೆಯೂ ಹಾಗೇ. ಆದರೆ ಕತ್ತಿನ ಪಟ್ಟಿ ಮತ್ತು ತೋಳಿನ ತುದಿಗೆ ಬಣ್ಣ ಬೇಡವೇ ಬೇಡ. ಕೂಸು ಚೀಪುವುದು ಅದನ್ನೇ. ಒಂದು ಇಡೀ ದಿನ ನೆರಳಲ್ಲಿ ಒಣಗಲಿ. ಆಮೇಲೆ ಒಳಮೈ ಹೊರಗೆ ತಿರುಗಿಸಿ ಇಸ್ತ್ರಿ ಮಾಡಿ. ಬಾಟಲಿಯ ಮೇಲೆ ಎಷ್ಟು ಹೊತ್ತು ಕಾಯಬೇಕು ಅಂತ ಬರೆದಿದೆಯೋ ಅಷ್ಟು ಕಾದು, ಇನ್ನೊಮ್ಮೆ ಒಗೆದೇ ಹಾಕಿಸಿ.

ಹಸಿರು ಸಿಪ್ಪೆ

ಇದೊಂದು ಸೊಂಟಪಟ್ಟಿ, ಅದರಿಂದ ಕೆಳಗೆ ಇಳಿಬಿದ್ದ ಆರು ಎಲೆ. ಅರ್ಧ ಸುಲಿದ ತೆನೆಯ ಹಾಗೆ.

ಡೈಪರ್ ಹಾಕಿದ ಮೇಲೆ ಸೊಂಟದ ಅಳತೆ ತೆಗೆಯಿರಿ. ನಮ್ಮ ಪುಟ್ಟಿಯದು 44 ಸೆಂ.ಮೀ. ಇತ್ತು. ಅದಕ್ಕೆ 6 ಸೇರಿಸಿ 50 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿದೆ. ಉದ್ದಕ್ಕೆ ಮಡಚಿದರೆ 4 ಸೆಂ.ಮೀ. ಅಗಲ ಆಗುತ್ತದೆ. ಆ ಮಡಿಕೆಯ ಒಳಗೇ ಎಲೆಗಳ ಬುಡ ಕೂರುವುದು. ಹಾಗಾಗಿ ಅಂಟು ಹೊರಗೆ ಕಾಣುವುದಿಲ್ಲ, ಕೂಸಿನ ಮೈಗೂ ತಾಗುವುದಿಲ್ಲ.

ಎಲೆಯ ಬುಡ 10 ಸೆಂ.ಮೀ. ಅಗಲ, ತುದಿ ಚೂಪು. ಉದ್ದದ ವಿಷಯದಲ್ಲಿ ನಾನು ಮೊದಲು ಎಡವಿದೆ. ಆರೂ ಎಲೆ 22 ಸೆಂ.ಮೀ. ಮಾಡಿದ್ದೆ. ಹಾಕಿಸಿ ನೆಲಕ್ಕೆ ಬಿಟ್ಟರೆ ಅಂಬೆಗಾಲಿಡುವಾಗ ಮುಂದಿನ ಎಲೆ ಮಂಡಿಯ ಕೆಳಗೆ ಸಿಕ್ಕಿ, ಕೂಸು ಮುಖ ಅಡಿಯಾಗಿ ಬಿತ್ತು. ಪುಣ್ಯಕ್ಕೆ ಕೌದಿಯ ಮೇಲಿತ್ತು. ಮುಂದಿನ ಎರಡು ಎಲೆಯನ್ನು 12 ಸೆಂ.ಮೀ.ಗೆ ಕತ್ತರಿಸಿದೆ. ಪಕ್ಕದ್ದು, ಹಿಂದಿನದ್ದು ಉದ್ದ ಇದ್ದರೆ ತೊಂದರೆ ಇಲ್ಲ. ಇನ್ನೂ ಅಂಬೆಗಾಲಿಡದ, ಬರೀ ಕೂರುವ ಕೂಸಾದರೆ ಎಲ್ಲವೂ ಉದ್ದ ಇರಲಿ, ಅಂದ ಜಾಸ್ತಿ.

ಪಟ್ಟಿಯನ್ನು ಬಿಡಿಸಿ ಹಾಸಿ. ಎರಡೂ ತುದಿಯಲ್ಲಿ ಮೂರು ಮೂರು ಬೆರಳು ಖಾಲಿ ಬಿಡಿ. ಕೆಳಗಿನ ಅರ್ಧಕ್ಕೆ ಅಂಟು ತೆಳ್ಳಗೆ ಎಳೆದು ಎಲೆಗಳ ಬುಡ ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಜೋಡಿಸಿ. ಮೇಲಿನ ಅರ್ಧಕ್ಕೂ ಅಂಟು ಹಚ್ಚಿ ಮಡಚಿ, ಬಟ್ಟೆ ಕ್ಲಿಪ್ಪು ಸಾಲಾಗಿ ಹಾಕಿಬಿಡಿ. ರಾತ್ರಿ ಇಡೀ ಮುಟ್ಟಬೇಡಿ. ಅಂಟು ಜಾಸ್ತಿ ಸುರಿದರೆ ಫೆಲ್ಟ್ ಕುಡಿದು ರಟ್ಟಿನಂತೆ ಗಟ್ಟಿಯಾಗುತ್ತದೆ. ಗಟ್ಟಿ ಅಂಚು ಸೊಂಟಕ್ಕೆ ಚುಚ್ಚುತ್ತದೆ.

ಬೆಳಿಗ್ಗೆ ಎಲೆಯನ್ನು ಎಳೆದು ನೋಡಿ. ಗಟ್ಟಿಯಾಗಿ ಎಳೆದು ನೋಡಿ. ಬಂದರೆ ಕೂಸಿನ ಬಾಯಿಗೆ ಹೋಗುತ್ತಿತ್ತು ಅಂತ ಲೆಕ್ಕ.

ವೆಲ್ಕ್ರೋದಲ್ಲಿ ಒರಟು, ಮೆತ್ತನೆ ಅಂತ ಎರಡು ಭಾಗ. ನನ್ನ ಫೆಲ್ಟ್‌ಗೆ ಒರಟು ಭಾಗ ತಾನಾಗಿಯೇ ಕಚ್ಚಿಕೊಂಡಿತು, ಮೆತ್ತನೆಯದ್ದು ಬೇಕಾಗಲೇ ಇಲ್ಲ. ಪಟ್ಟಿಯ ಒಂದು ತುದಿಯ ಹೊರಮೈಗೆ ಒರಟು ಭಾಗ ಅಂಟಿಸಿ, ಇನ್ನೊಂದು ತುದಿ ಅದರ ಮೇಲೆ ಬರುವ ಹಾಗೆ ಸುತ್ತಿ. ಆಗ ಮುಳ್ಳು ಹೊರಮುಖವಾಗಿ ಇರುತ್ತದೆ, ಚರ್ಮಕ್ಕೆ ತಾಗುವುದಿಲ್ಲ. ಜೋಡಣೆ ಬೆನ್ನ ಹಿಂದೆ ಬರಲಿ. ಮುಂದೆ ಬಂದರೆ ಕೂಸು ಎರಡೇ ನಿಮಿಷಕ್ಕೆ ಬಿಚ್ಚುವುದು ಕಲಿಯುತ್ತದೆ. ನೀವು ಹಿಂದಿನಿಂದ ಒಂದು ಸಲ ಎಳೆದರೆ ಇಡೀ ಸಿಪ್ಪೆ ಕೈಗೆ ಬರಬೇಕು.

ಗ್ಲೂ ಗನ್ ಇರುವವರಿಗೆ ಒಂದು ಮಾತು. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಆ ಅಂಟು ಬೊಬ್ಬೆ ಬರುವಷ್ಟು ಬಿಸಿ, ಒಣಗಿದ ಮೇಲೆ ಗಟ್ಟಿ ಗುಂಡಿನಂತೆ ಕೂರುತ್ತದೆ. ಕೂಸು ಮಲಗಿದ ಮೇಲೆ, ಬೇರೆ ಕೋಣೆಯಲ್ಲಿ ಮಾತ್ರ ತೆಗೆಯಿರಿ. ನಾನಂತೂ ತೆಗೆಯಲಿಲ್ಲ.

ಜುಟ್ಟಿನ ಟೋಪಿ

ಇಡೀ ವೇಷದಲ್ಲಿ ನನಗೆ ತುಂಬ ಇಷ್ಟವಾದದ್ದು ಇದು. ಹತ್ತು ನಿಮಿಷದ ಕೆಲಸ, ಅಂಟೂ ಬೇಡ.

ಟೀ ಶರ್ಟಿನ ಒಂದು ತೋಳನ್ನು ಭುಜದ ಹತ್ತಿರ ಕತ್ತರಿಸಿ ತೆಗೆಯಿರಿ. ತೋಳಿನ ಬಾಯಿಯ ಹೊಲಿಗೆ ಇದೆಯಲ್ಲ, ಅದೇ ಟೋಪಿಯ ಅಂಚು, ಹಣೆಯ ಮೇಲೆ ಬರುವುದು. ಕಂಪನಿಯವರೇ ಹೊಲಿದು ಕೊಟ್ಟಿದ್ದಾರೆ, ನಮಗೆ ಲಾಭ. ನಮ್ಮ ಪುಟ್ಟಿಯ ತಲೆ ಸುತ್ತಳತೆ 44 ಸೆಂ.ಮೀ., ತೋಳಿನ ಬಾಯಿ 40. ಬನಿಯನ್ ಬಟ್ಟೆ ಹಿಗ್ಗುವುದರಿಂದ ಸರಿಯಾಗಿ ಕೂತಿತು. ಹಾಕಿಸಿದ ಮೇಲೆ ಅಂಚಿನೊಳಗೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು. ತೆಗೆದಾಗ ಹಣೆಯ ಮೇಲೆ ಕೆಂಪು ಗೆರೆ ಬಿದ್ದಿದ್ದರೆ ಬಿಗಿ ಅಂತ ಅರ್ಥ, ಇನ್ನೂ ದೊಡ್ಡ ಟೀ ಶರ್ಟ್ ಹುಡುಕಿ.

ಕತ್ತರಿಸಿದ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಅದೇ ಟೀ ಶರ್ಟಿನ ಒಂದು ಪಟ್ಟಿಯಿಂದ ಎರಡು ಗಂಟು ಬಿಗಿಯಿರಿ. ರಬ್ಬರ್ ಬ್ಯಾಂಡ್ ಬೇಡ, ಹರಿದು ಬಾಯಿಗೆ ಹೋಗುತ್ತದೆ. ಪಟ್ಟಿಯ ಉಳಿದ ತುದಿಗಳನ್ನು ಗಂಟಿನ ಹತ್ತಿರಕ್ಕೇ ಕತ್ತರಿಸಿಬಿಡಿ. ಗಂಟಿನ ಮೇಲೆ ಆರೇಳು ಸೆಂ.ಮೀ. ಬಟ್ಟೆ ಉಳಿದಿರಲಿ. ಅದನ್ನು ಸಣ್ಣ ಸಣ್ಣ ಎಳೆಯಾಗಿ ಸೀಳಿ, ಒಂದೊಂದನ್ನೇ ಮೆಲ್ಲಗೆ ಎಳೆಯಿರಿ. ಅಂಚು ಸುರುಳಿ ಸುತ್ತಿಕೊಂಡು ದಾರದಂತೆ ಆಗುತ್ತದೆ. ಥೇಟ್ ತೆನೆಯ ಜುಟ್ಟು! ಅಸಲಿ ತೆನೆಯಲ್ಲಿ ಆ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು, ಪರಾಗ ಇಳಿದು ಕಾಳು ಕಟ್ಟುವುದು ಅದರ ಮೂಲಕವೇ. ದೊಡ್ಡ ಮಗನಿಗೆ ಇದನ್ನು ಹೇಳಿ ತಪ್ಪು ಮಾಡಿದೆ. ತಂಗಿಯ ಎದೆಯ ಕಾಳು ಎಣಿಸಿ, ಜುಟ್ಟಿನ ಎಳೆ ಎಣಿಸಿ, ಲೆಕ್ಕ ತಪ್ಪಿದೆ ಅಂತ ದೂರು ಹೇಳಿದ.

ಜುಟ್ಟು ಇದಕ್ಕಿಂತ ಉದ್ದ ಬೇಡ. ಕಣ್ಣಿಗೆ, ಬಾಯಿಗೆ ಬೀಳುತ್ತದೆ. ಗದ್ದದ ಕೆಳಗೆ ಕಟ್ಟುವ ದಾರ ಯಾವ ಕಾರಣಕ್ಕೂ ಇಡಬೇಡಿ. ಟೋಪಿ ಬಿದ್ದರೆ ಬೀಳಲಿ.

ಇನ್ನೂ ಕೂರದ ಪುಟ್ಟ ಕೂಸಿಗೆ

ಮೂರ್ನಾಲ್ಕು ತಿಂಗಳ ಕೂಸಿಗೆ ಸೊಂಟಪಟ್ಟಿ ಬೇಡ. ಹಳದಿ ಬಟ್ಟೆ, ಜುಟ್ಟಿನ ಟೋಪಿ, ಕೆಳಗೆ ಹಸಿರು ಹತ್ತಿ ಬಟ್ಟೆಯನ್ನು ಎದೆಯವರೆಗೆ ಸಡಿಲವಾಗಿ ಸುತ್ತಿ. ಹೊಲದಿಂದ ಈಗಷ್ಟೇ ಮುರಿದು ತಂದ ಎಳೆ ತೆನೆ. ಮನೆಯಲ್ಲಿ ಅಜ್ಜಿ ಹೊಲಿದಿಟ್ಟ ಹಸಿರು ಕುಂಚಿಗೆ ಇದ್ದರೆ ಅದೇ ಮುಸುಕು, ಏನೂ ಮಾಡಬೇಕಿಲ್ಲ. ಫೋಟೋ ತೆಗೆದು ಬಿಚ್ಚಿಬಿಡಿ. ನಿದ್ದೆ ಬಂದರೆ ಟೋಪಿ, ಸಿಪ್ಪೆ, ಕುಂಚಿಗೆ ಎಲ್ಲ ತೆಗೆದೇ ಮಲಗಿಸಬೇಕು. ಎಷ್ಟು ಮುದ್ದಾಗಿ ಕಂಡರೂ ಸರಿ.

ಬೇಡವಾದ ಅಲಂಕಾರ

ಮಣಿ, ಚಮಕಿ, ಅಂಟಿಸುವ ಬೊಂಬೆ ಕಣ್ಣು, ಗುಂಡಿ, ನಿಜವಾದ ಮೆಕ್ಕೆಜೋಳದ ಕಾಳು, ಯಾವುದೂ ಬೇಡ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆಗೆ ಸುಮಾರು 3.2 ಸೆಂ.ಮೀ. ಅಗಲದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಕೂರುವ ಚೂರು ಕೂಸಿನ ಗಂಟಲಲ್ಲೂ ಸಿಕ್ಕಿಕೊಳ್ಳಬಹುದು. ನೋಡಿ, ಅದು ನಿಮ್ಮ ಎರಡು ಬೆರಳು ಸೇರಿಸಿದಷ್ಟು ಅಗಲ. ನಾವು ಸಣ್ಣದು ಅಂದುಕೊಳ್ಳುವುದಕ್ಕಿಂತ ದೊಡ್ಡದೇ. ಸೇಫ್ಟಿ ಪಿನ್ನು, ಮುಖವಾಡ, ಮುಖದ ಬಣ್ಣ ಕೂಡ ಬೇಡ. ದೃಷ್ಟಿ ಬೊಟ್ಟು ಇಡಲೇಬೇಕು ಅಂತ ಅತ್ತೆ ಹಠ ಹಿಡಿದರೆ ಪಾದಕ್ಕೆ ಇಡಿಸಿ, ಮೇಲೆ ಕಾಲುಚೀಲ ಹಾಕಿ. ನಮ್ಮಲ್ಲಿ ಹೀಗೇ ರಾಜಿ ಆದದ್ದು.

ಅಂಗಡಿಯ ಫೆಲ್ಟ್ ಸಾಮಾನ್ಯವಾಗಿ ಪಾಲಿಯೆಸ್ಟರ್. ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ದೀಪಾವಳಿಯೂ ಅದೇ ಆಸುಪಾಸಿನಲ್ಲಿ ಬರುವುದರಿಂದ ಹಣತೆ, ಸುರುಸುರುಬತ್ತಿ ಇರುವ ಕಡೆ ಈ ವೇಷದಲ್ಲಿ ಕೂಸನ್ನು ಬಿಡಬೇಡಿ.

ಆ ದಿನ

ಹಿಂದಿನ ದಿನ ಮನೆಯಲ್ಲೇ ಹತ್ತು ನಿಮಿಷ ಹಾಕಿಸಿ ನೋಡಿ. ಕಾರ್ಯಕ್ರಮದ ದಿನ ರಾಂಪರ್ ಮಾತ್ರ ಹಾಕಿಸಿಕೊಂಡು ಹೋಗಿ, ಸಿಪ್ಪೆ, ಟೋಪಿ ಚೀಲದಲ್ಲಿರಲಿ. ಸ್ಕೂಟರಿನಲ್ಲಿ ಹೋಗುವವರಿಗೆ ಇದು ಇನ್ನೂ ಮುಖ್ಯ, ಗಾಳಿಗೆ ಎಲೆ ಹಾರಿ ಕೂಸಿನ ಮುಖಕ್ಕೆ ಬಡಿಯುತ್ತದೆ. ನಮ್ಮೂರಿನಲ್ಲಿ ಆ ಹೊತ್ತಿಗೂ ಮಧ್ಯಾಹ್ನದ ಬಿಸಿಲು ಚುರುಕೇ. ಬೆನ್ನಿಗೆ ಕೈ ಹಾಕಿ ನೋಡಿ, ಬೆವರಿದ್ದರೆ ಟೋಪಿ ತೆಗೆಯಿರಿ. ಹಾಲು ಕುಡಿಸಿ, ನಿದ್ದೆ ಮಾಡಿಸಿ ಎಬ್ಬಿಸಿದ ಮೇಲಿನ ಅರ್ಧ ಗಂಟೆ ಇದೆಯಲ್ಲ, ಫೋಟೋ ಆಗುವುದು ಆಗಲೇ. ಆಮೇಲೆ ದೇವರೇ ಗತಿ.

ಮೆಕ್ಕೆಜೋಳ ಬೇಡ ಅನ್ನುವವರು ಇದೇ ಟೋಪಿಯನ್ನು ಹಸಿರು ಬಟ್ಟೆಯಲ್ಲಿ ಮಾಡಿ, ಕೆಂಪು ರಾಂಪರ್ ಹಾಕಿದರೆ ಬ್ಯಾಡಗಿ ಮೆಣಸಿನಕಾಯಿ. ನಸುಗೆಂಪು ಟೋಪಿಯಾದರೆ ಚಳ್ಳಕೆರೆ ಕಡೆಯ ಈರುಳ್ಳಿ. ಚಿತ್ರದುರ್ಗದ ನನ್ನ ತಂಗಿಗೆ ಓಬವ್ವನ ವೇಷವೇ ಆಗಬೇಕಂತೆ. ಅದಕ್ಕೆ ಇನ್ನೆರಡು ಮೂರು ವರ್ಷ ಕಾಯಲಿ. ಈಗ ಕೂಸಿನ ಕೈಗೆ ಒನಕೆ ಕೊಟ್ಟರೆ ಮೊದಲ ಏಟು ತನ್ನ ತಲೆಗೇ.

ವೇಷ ಬಿಚ್ಚಿದ ಮೇಲೆ ಸಿಪ್ಪೆಯನ್ನು ತಣ್ಣೀರಲ್ಲಿ ಕೈಯಿಂದಲೇ ಅದ್ದಿ ತೆಗೆದು ನೆರಳಲ್ಲಿ ಹಾಸಿ. ಹಿಂಡಿದರೆ ಅಂಟು ಬಿಡುತ್ತದೆ. ಆದರೆ ರಾಂಪರನ್ನು ಆ ರಾತ್ರಿಯೇ ಒಗೆದು ಫ್ಯಾನ್ ಕೆಳಗೆ ಹಾಕಿಬಿಡಿ. ಮಾರನೇ ದಿನ ನವೆಂಬರ್ 1, ರಾಜ್ಯೋತ್ಸವ. ಮೇಲೆ ಹಳದಿ ಹೇಗೂ ಇದೆ. ಕೆಳಗೊಂದು ಕೆಂಪು ಚಡ್ಡಿ ಹಾಕಿಸಿದರೆ ಬೆಳಿಗ್ಗೆ ಧ್ವಜ ಹಾರಿಸುವ ಹೊತ್ತಿಗೆ ಕೂಸು ಎರಡನೇ ವೇಷಕ್ಕೂ ರೆಡಿ.